ತೊಂಬತ್ತು ಸೆಕೆಂಡಿನ ಕೈಲಾಸಂ

ಒಂಬತ್ತನೇ ತರಗತಿಯ ಹುಡುಗರು ಮೊದಲ ಸಲ ಮಾಡಿ ತಂದ ಟ್ರೈಲರ್ ನಾಲ್ಕು ನಿಮಿಷ ಹನ್ನೆರಡು ಸೆಕೆಂಡ್ ಇತ್ತು. ಟಿ. ಪಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ ನಾಟಕಕ್ಕೊಂದು ಟ್ರೈಲರ್ ಮಾಡಿಕೊಂಡು ಬನ್ನಿ ಅಂತ ನಾನೇ ಹೇಳಿದ್ದೆ. ನಾಟಕದ ಶುರುವಿನಿಂದ ಕೊನೆಯವರೆಗೆ ಎಲ್ಲವೂ ಅದರಲ್ಲಿತ್ತು, ಸ್ವಲ್ಪ ಬೇಗ ಓಡುತ್ತಿತ್ತು ಅಷ್ಟೇ. ಹಿನ್ನೆಲೆಯಲ್ಲಿ ಯಾವುದೋ ಸಿನಿಮಾದಿಂದ ಎತ್ತಿದ ಅಬ್ಬರದ ಸಂಗೀತ. ಮಾತು ಒಂದೂ ನೆಟ್ಟಗೆ ಕೇಳಿಸುತ್ತಿರಲಿಲ್ಲ. ಮುಗಿದ ಮೇಲೆ ಹಿಂದಿನ ಬೆಂಚಿನವರನ್ನು ಕೇಳಿದೆ: ‘ನಾಟಕ ಓದ್ಬೇಕು ಅನ್ನಿಸ್ತೇನ್ರೋ?’ ‘ಇನ್ಯಾಕ್ ಸಾರ್ ಓದೋದು, ಎಲ್ಲಾ ನೋಡಿದ್ವಲ್ಲ’ ಅಂದ ಒಬ್ಬ.

ಅವನು ತಮಾಷೆಗೆ ಹೇಳಿದನೋ ಬೇಸರಕ್ಕೋ ಗೊತ್ತಿಲ್ಲ, ತಪ್ಪು ಎಲ್ಲಿದೆ ಅಂತ ಮಾತ್ರ ತೋರಿಸಿಬಿಟ್ಟ. ಟ್ರೈಲರ್ ಅಂದರೆ ಚಿಕ್ಕದು ಮಾಡಿದ ಕಥೆ ಅಂತ ಮಕ್ಕಳು ತಿಳಿದಿರುತ್ತಾರೆ. ನಾವು ಮೇಷ್ಟ್ರುಗಳೂ ಹಾಗೇ ತಿಳಿದು, ‘ಸಾರಾಂಶ ಬರೆಯಿರಿ’ ಎಂಬ ಹಳೆಯ ಪ್ರಶ್ನೆಗೆ ಮೊಬೈಲ್ ಜೋಡಿಸಿ ಪ್ರಾಜೆಕ್ಟ್ ಅಂತ ಕೊಡುತ್ತೇವೆ. ಟ್ರೈಲರ್ ಸಾರಾಂಶವಲ್ಲ. ಮದುವೆ ಮನೆಯಲ್ಲಿ ಎಲೆ ಹಾಕುವ ಮೊದಲೇ ಅಡುಗೆಯವರ ಕಡೆಯಿಂದ ಒಗ್ಗರಣೆಯ ಘಮ ಬರುತ್ತದಲ್ಲ, ಅದು. ಊಟ ಬಡಿಸುವುದು ಅದರ ಕೆಲಸವಲ್ಲ.

ಹೆಸರೇ ವಿಚಿತ್ರ, ನೋಡಿ. ಟ್ರೈಲರ್ ಅಂದರೆ ಹಿಂದಿನಿಂದ ಎಳೆದುಕೊಂಡು ಬರುವುದು. ಟ್ರ್ಯಾಕ್ಟರಿಗೆ ಕಟ್ಟುವುದೂ ಅದೇ ಟ್ರೈಲರ್. 1910ರ ದಶಕದ ಅಮೆರಿಕದ ಚಿತ್ರಮಂದಿರಗಳಲ್ಲಿ ಮುಂದೆ ಬರಲಿರುವ ಚಿತ್ರದ ತುಣುಕನ್ನು ಆ ದಿನದ ಆಟ ಮುಗಿದ ಮೇಲೆ ತೋರಿಸುತ್ತಿದ್ದರು. ಆಟ ಮುಗಿದ ಮೇಲೆ ಕೂರುವವರು ಯಾರು? ತುಣುಕು ಆಟದ ಮುಂದಕ್ಕೆ ಬಂತು, ಹೆಸರು ಹಿಂದೆಯೇ ಉಳಿಯಿತು. ಮುಂದೆ ಈ ತುಣುಕು ಕಟ್ಟುವುದೇ ಒಂದು ಪ್ರತ್ಯೇಕ ಕಸುಬಾಯಿತು. 1960ರ ‘ಸೈಕೋ’ ಚಿತ್ರದ ಟ್ರೈಲರನ್ನು ಮಕ್ಕಳಿಗೆ ತೋರಿಸದಿದ್ದರೂ ಅದರ ವಿಷಯ ಹೇಳುತ್ತೇನೆ. ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಖುದ್ದಾಗಿ ಬಂದು ಆರು ನಿಮಿಷಕ್ಕೂ ಹೆಚ್ಚು ಹೊತ್ತು ಕಥೆ ನಡೆಯುವ ಮೋಟೆಲು, ಅದರ ಹಿಂದಿನ ಮನೆ ಎಲ್ಲ ಸುತ್ತಿಸುತ್ತಾರೆ. ಏನೋ ಹೇಳಲು ಹೋಗಿ ಅರ್ಧಕ್ಕೆ ನುಂಗುತ್ತಾರೆ. ಕೊನೆಗೆ ಸ್ನಾನದ ಪರದೆ ಸರಿಸಿದಾಗ ಕಿರುಚುವಾಕೆ ಕೂಡ ಚಿತ್ರದಲ್ಲಿ ಆ ಜಾಗದಲ್ಲಿರುವ ಜಾನೆಟ್ ಲೀ ಅಲ್ಲ, ವಿಗ್ ಹಾಕಿಕೊಂಡ ವೆರಾ ಮೈಲ್ಸ್! ಸಿನಿಮಾದ ದೃಶ್ಯಗಳನ್ನೇ ಬಳಸದೆಯೂ ಟ್ರೈಲರ್ ಆಗುತ್ತದೆ. ಸಿನಿಮಾನೇ ಇಲ್ಲದ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ?

ಕೈಲಾಸಂ ಯಾಕೆ ಅಂತ ಹೇಳಿಬಿಡುತ್ತೇನೆ, ಅದರಲ್ಲಿ ಸ್ವಲ್ಪ ಕಾನೂನೂ ಇದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ ಅವರ ಕೃತಿಗೆ ರಕ್ಷಣೆ. ಕೈಲಾಸಂ ಹೋದದ್ದು 1946ರಲ್ಲಿ. 2006ರ ಕೊನೆಗೆ ಅವಧಿ ತೀರಿತು. ಪಂಜೆ ಮಂಗೇಶರಾಯರು 1937ರಲ್ಲಿ, ‘ಮಾಡಿದ್ದುಣ್ಣೋ ಮಹಾರಾಯ’ ಬರೆದ ಎಂ. ಎಸ್. ಪುಟ್ಟಣ್ಣನವರು 1930ರಲ್ಲಿ ತೀರಿಕೊಂಡರು. ಇವರ ಕೃತಿಗಳನ್ನು ಯಾರನ್ನೂ ಕೇಳದೆ ಬಳಸಬಹುದು. 1899ರ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯೂ ಹಾಗೇ. ಮಕ್ಕಳಿಗೆ ‘ಕರ್ವಾಲೋ’ ಮೇಲೆ ಆಸೆ. ಅದನ್ನು ಬರೆದ ತೇಜಸ್ವಿಯವರು 2007ರಲ್ಲಿ ತೀರಿಕೊಂಡದ್ದು, 2067 ಮುಗಿಯುವವರೆಗೆ ಕಾಯಬೇಕು. ಪಾಠದ ಭಾಗವಾಗಿ ತರಗತಿಯೊಳಗೆ ಮಾಡುವುದಕ್ಕೆ, ಶಾಲೆಯಲ್ಲಿ ಮೇಷ್ಟ್ರು ಮಕ್ಕಳು ತಂದೆತಾಯಿಗಳ ಮುಂದೆ ಆಡುವುದಕ್ಕೆ ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದೆ. ಯೂಟ್ಯೂಬಿಗೆ ಹಾಕಿದರೆ ಆ ಮಾತು ನಿಲ್ಲುವುದಿಲ್ಲ, ಹಕ್ಕುದಾರರ ಅನುಮತಿ ಬೇಕು. ಯಾವುದಕ್ಕೂ ಹೆದರದೆ ಕೆಲಸ ಮಾಡಬೇಕಾದರೆ ಹಳಬರೇ ವಾಸಿ.

ಇನ್ನೊಂದು ಕಾರಣ, ಈ ನಾಟಕದ ಹೆಸರಿನಲ್ಲೇ ಟ್ರೈಲರ್ ಇದೆ. ಪೂರ್ತಿ ಹೆಸರು ‘ಟೊಳ್ಳುಗಟ್ಟಿ ಅಥವಾ ಮಕ್ಕಳಿಸ್ಕೂಲ್ ಮನೇಲಲ್ವೆ?’ ಅಂತ. ಪ್ರಶ್ನೆಯಲ್ಲೇ ಮುಗಿಯುತ್ತದೆ. ಒಂದು ಮನೆಯಲ್ಲಿ ಇಬ್ಬರು ಗಂಡುಮಕ್ಕಳು. ಒಬ್ಬ ಪರೀಕ್ಷೆಯಲ್ಲಿ ಮುಂದು, ಇನ್ನೊಬ್ಬ ಪರೀಕ್ಷೆಗೆ ಆಗದವನು, ಮನೆಗೆ ಆಗುವವನು. ಕಷ್ಟದ ಗಳಿಗೆ ಬಂದಾಗ ಯಾರು ಟೊಳ್ಳು, ಯಾರು ಗಟ್ಟಿ ಅಂತ ಗೊತ್ತಾಗುತ್ತದೆ. ಆ ಗಳಿಗೆ ಯಾವುದು ಅಂತ ನಾನಿಲ್ಲಿ ಹೇಳುವುದಿಲ್ಲ. ಹುಡುಗರು ತಮ್ಮ ನಾಲ್ಕು ನಿಮಿಷದಲ್ಲಿ ಅದನ್ನೇ ಮೊದಲು ಹೇಳಿಬಿಟ್ಟಿದ್ದರು.

ಎರಡನೇ ಸಲ ಕ್ಯಾಮೆರಾ ಮುಟ್ಟಲು ಬಿಡಲಿಲ್ಲ. ನಾಟಕದಿಂದ ತಮಗೆ ಚುಚ್ಚಿದ, ನಗಿಸಿದ, ಅರ್ಥವಾಗದ ಮಾತುಗಳನ್ನು ಆರಿಸಿ ಒಂದೊಂದು ಚೀಟಿಯಲ್ಲಿ ಒಂದೊಂದು ಬರೆಯಲು ಹೇಳಿದೆ. ಮೂವತ್ತೆಂಟು ಚೀಟಿ ಬಂದವು. ನೆಲದ ಮೇಲೆ ಹರಡಿ, ಕಥೆಯ ಕ್ರಮ ಮರೆತು, ಒಂದು ಮಾತಿಗೆ ಇನ್ನೊಂದು ಉತ್ತರ ಕೊಡುವ ಹಾಗೆ ಜೋಡಿಸಿದರು. ನಾಟಕದ ಕೊನೆಯಲ್ಲಿರುವ ಅಮ್ಮನ ಮಾತು ಮೊದಲಿಗೆ ಬಂತು, ಶುರುವಿನಲ್ಲಿರುವ ಅಪ್ಪನ ಹೆಮ್ಮೆ ಅದರ ಪಕ್ಕ ಕೂತ ಕೂಡಲೇ ಜಂಭದ ಹಾಗೆ ಕೇಳಿಸತೊಡಗಿತು. ಗುಟ್ಟು ಬಿಟ್ಟುಕೊಡುವ ಚೀಟಿಗಳನ್ನೆಲ್ಲ ಎತ್ತಿ ಜೇಬಿಗೆ ಹಾಕಿಕೊಂಡೆ. ಕೊನೆಗೆ ಹನ್ನೊಂದು ಉಳಿದವು. ಒಂದೂವರೆ ನಿಮಿಷಕ್ಕೆ ಹನ್ನೊಂದು ಮಾತು ಸಾಕು. ಕಡಿಮೆಯಾದರೂ ನಡೆಯುತ್ತದೆ.

ಇದರ ಮುಂದಿನ ಹೆಜ್ಜೆಯೇ ಇಡೀ ಕೆಲಸದ ಕೀಲಿಕೈ. ಚಿತ್ರೀಕರಣಕ್ಕೆ ಮೊದಲು ಧ್ವನಿ ಮುದ್ರಿಸಿಕೊಳ್ಳಿ. ಬರೀ ಮಾತು. ಹನ್ನೊಂದು ಮಾತನ್ನೂ ಮುದ್ರಿಸಿ, ಕಂಪ್ಯೂಟರಿನಲ್ಲಿ ಸಾಲಾಗಿಟ್ಟು, ನಡುವೆ ಎಷ್ಟು ಮೌನ ಬೇಕೋ ಅಷ್ಟು ಬಿಟ್ಟು, ಕಣ್ಣು ಮುಚ್ಚಿ ಕೇಳಿ. ಕೇಳುವಾಗಲೇ ಮೈ ಜುಮ್ಮೆನ್ನದಿದ್ದರೆ ಚಿತ್ರ ಸೇರಿಸಿದ ಮೇಲೂ ಜುಮ್ಮೆನ್ನುವುದಿಲ್ಲ. ಈ ಮಾತಿನ ಸರ ಸರಿಯಾದ ಮೇಲೆ ಮಣಿಗೊಂದು ಚಿತ್ರ ಹುಡುಕಿದರೆ ಸಾಕು. ಮಕ್ಕಳು ಇದನ್ನು ತಲೆಕೆಳಗು ಮಾಡುತ್ತಾರೆ. ಎರಡು ದಿನ ಕುಣಿದಾಡಿ ಮೂರು ಗಂಟೆಯಷ್ಟು ಚಿತ್ರಿಸಿ, ಆಮೇಲೆ ಅದರೊಳಗೆ ಟ್ರೈಲರ್ ಎಲ್ಲಿದೆ ಅಂತ ಹುಡುಕುತ್ತಾರೆ.

ಧ್ವನಿಗೆ ಸ್ಟುಡಿಯೋ ಬೇಡ, ಕೌದಿ ಬೇಕು. ಖಾಲಿ ತರಗತಿಯಲ್ಲಿ ಮಾತಾಡಿದರೆ ಗೋಡೆ, ನೆಲ, ಬೋರ್ಡು ಎಲ್ಲ ಮಾತನ್ನು ವಾಪಸ್ ಎಸೆಯುತ್ತವೆ. ಡಬ್ಬದೊಳಗೆ ಮಾತಾಡಿದ ಹಾಗಾಗುತ್ತದೆ. ದಪ್ಪ ಬಟ್ಟೆ ಅದನ್ನು ನುಂಗುತ್ತದೆ. ಒಬ್ಬ ಹುಡುಗಿ ಅಜ್ಜಿ ಹೊಲಿದ ಎರಡು ಕೌದಿ ತಂದಳು. ಮೂರು ಕುರ್ಚಿಯ ಬೆನ್ನಿಗೆ ಅವನ್ನು ಹೊದಿಸಿ ಗೂಡು ಮಾಡಿ, ಒಳಗೆ ಮೊಬೈಲ್ ಇಟ್ಟೆವು. ಮೊಬೈಲು ಬಾಯಿಗೆ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿರಲಿ. ನೇರ ಹಿಡಿದರೆ ‘ಪ’, ‘ಫ’, ‘ಭ’ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿದು ಧಡ್ ಅನ್ನುತ್ತದೆ. ಹತ್ತಿರ ಯಾಕೆ ಅಂದರೆ, ಬಾಯಿಂದ ಒಂದು ಅಡಿಯಲ್ಲಿದ್ದ ಮೈಕನ್ನು ಎರಡು ಅಡಿಗೆ ಸರಿಸಿದರೆ ಅದಕ್ಕೆ ತಲುಪುವ ಮಾತಿನ ಶಕ್ತಿ ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಫ್ಯಾನಿನ ಸದ್ದು, ರಸ್ತೆಯ ಹಾರ್ನು ಮಾತ್ರ ಇದ್ದಷ್ಟೇ ಇರುತ್ತವೆ. ದುಬಾರಿ ಮೈಕು ದೂರದಲ್ಲಿರುವುದಕ್ಕಿಂತ ಅಗ್ಗದ ಮೈಕು ಹತ್ತಿರದಲ್ಲಿರುವುದೇ ಮೇಲು. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕುವುದು ಮರೆಯಬೇಡಿ. ನಮ್ಮ ಅತ್ಯುತ್ತಮ ಟೇಕಿನ ನಡುವೆ ಒಬ್ಬರ ಚಿಕ್ಕಪ್ಪನ ಕರೆ ಬಂದಿದೆ.

ಮಾತಿಲ್ಲದ ಮೌನವನ್ನೂ ಅರ್ಧ ನಿಮಿಷ ಮುದ್ರಿಸಿಕೊಳ್ಳಿ. ಹುಡುಗರಿಗೆ ಇದು ನಗು ತರಿಸುತ್ತದೆ. ಆದರೆ ಯಾವ ಕೋಣೆಯೂ ಪೂರ್ತಿ ನಿಶ್ಶಬ್ದವಲ್ಲ, ಪ್ರತಿಯೊಂದಕ್ಕೂ ತನ್ನದೇ ಒಂದು ಗುಂಯ್ ಇರುತ್ತದೆ. ಎರಡು ಮಾತುಗಳ ನಡುವೆ ಏನೂ ಇಲ್ಲದಂತೆ ಕತ್ತರಿಸಿದರೆ ಕಿವಿಗೆ ಗುಂಡಿ ಬಿದ್ದ ಹಾಗಾಗುತ್ತದೆ. ಆ ಗುಂಡಿ ಮುಚ್ಚಲು ಈ ಅರ್ಧ ನಿಮಿಷದ ಮಣ್ಣು.

ಅಳತೆಯ ವಿಷಯ ಎರಡೇ ಮಾತಿನಲ್ಲಿ. ಡಿಜಿಟಲ್ ಧ್ವನಿಯಲ್ಲಿ ಸೊನ್ನೆ ಡೆಸಿಬೆಲ್ ಅಂದರೆ ಮಾಳಿಗೆ. ಅದಕ್ಕೆ ತಲೆ ತಾಗಿದರೆ ಧ್ವನಿ ಒಡೆಯುತ್ತದೆ, ಒಡೆದದ್ದನ್ನು ಯಾವ ಸಾಫ್ಟ್‌ವೇರೂ ಮೊದಲಿನ ಹಾಗೆ ಕೂಡಿಸುವುದಿಲ್ಲ. ಮಾತಿನ ಎತ್ತರದ ಭಾಗಗಳು ಮೈನಸ್ 12ರಿಂದ ಮೈನಸ್ 6ರ ನಡುವೆ ಆಡುತ್ತಿದ್ದರೆ ಸುಖ. ಧ್ವನಿ ತಿದ್ದಲು ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು.

ಮಾತಿನ ಸರ ತಯಾರಾಯಿತು, 88 ಸೆಕೆಂಡ್. ಆಗ ಕಾಗದದ ಮೇಲೆ ಚೌಕ ಹಾಕಿ ಕಡ್ಡಿ ಮನುಷ್ಯರನ್ನು ಬರೆದರು, ಯಾವ ಮಾತಿನ ಹೊತ್ತಿಗೆ ಏನು ಕಾಣಬೇಕು ಅಂತ. ಟ್ರೈಲರಿನಲ್ಲಿ ಒಂದು ಶಾಟು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದು ಅಪರೂಪ. ಅಂದರೆ ಒಂದೂವರೆ ನಿಮಿಷಕ್ಕೆ ಮೂವತ್ತರಿಂದ ನಲವತ್ತು ಚಿತ್ರ. ಇಷ್ಟೂ ಮುಖಗಳೇ ಆಗಬೇಕಿಲ್ಲ. ಕೈಲಾಸಂ ಕಾಲದ ಮನೆ, ಉಡುಪು ನಾವು ಎಲ್ಲಿಂದ ತರೋಣ? ವಸ್ತುಗಳನ್ನು ತೋರಿಸಿದೆವು. ಹಳೆಯ ಕನ್ನಡಕ, ಅದರ ಕೆಳಗೆ ಅಂಕಪಟ್ಟಿ. ಒಲೆಯ ಮೇಲೆ ಉಕ್ಕುತ್ತಿರುವ ಹಾಲು. ಬಾಗಿಲ ಸಂದಿಯಲ್ಲಿ ಒಂದು ಜೊತೆ ಪಾದ. ಸೇದುವ ಬಾವಿಯ ಹಗ್ಗ. ಮಕ್ಕಳ ಅಭಿನಯ ಸೋಲುವುದು ಮುಖದಲ್ಲಿ. ಕೈಯಲ್ಲಿ, ಬೆನ್ನಿನಲ್ಲಿ ಅವರು ಸೋಲುವುದಿಲ್ಲ.

ಇದರ ಹಿಂದೆ ಒಂದು ಹಳೆಯ ಪ್ರಯೋಗವಿದೆ. ನೂರು ವರ್ಷದ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಎಂಬ ನಿರ್ದೇಶಕ, ಒಬ್ಬ ನಟನ ಭಾವವಿಲ್ಲದ ಒಂದೇ ಮುಖವನ್ನು ಸಾರಿನ ಬಟ್ಟಲಿನ ಪಕ್ಕ, ಶವಪೆಟ್ಟಿಗೆಯ ಪಕ್ಕ ಜೋಡಿಸಿ ತೋರಿಸಿದ. ನೋಡಿದವರು ಒಂದರಲ್ಲಿ ಹಸಿವು, ಇನ್ನೊಂದರಲ್ಲಿ ದುಃಖ ಕಂಡರಂತೆ. ನಮ್ಮ ‘ಅಪ್ಪ’ನ ಪಾತ್ರದ ಹುಡುಗನಿಗೆ ನಟಿಸಬೇಡ, ಕಿಟಕಿ ಕಡೆ ನೋಡುತ್ತಾ ಮಗ್ಗಿ ಹೇಳಿಕೋ ಅಂದೆ. ಅದೇ ಶಾಟು ಅಂಕಪಟ್ಟಿಯ ಪಕ್ಕ ಹೆಮ್ಮೆಯಾಯಿತು, ಖಾಲಿ ಕುರ್ಚಿಯ ಪಕ್ಕ ಪಶ್ಚಾತ್ತಾಪವಾಯಿತು. ಅವನು ಹದಿಮೂರರ ಮಗ್ಗಿಯಲ್ಲಿ ಸಿಕ್ಕಿಕೊಂಡಿದ್ದ ಅಂತ ಯಾರಿಗೂ ಗೊತ್ತಾಗಲಿಲ್ಲ.

ಮೊಬೈಲಿನಲ್ಲಿ ಚಿತ್ರಿಸುವಾಗ ಗಮನಿಸಬೇಕಾದ್ದು ಬಹಳವಿಲ್ಲ. ಅಡ್ಡ ಹಿಡಿಯಿರಿ. ಲೆನ್ಸನ್ನು ಹತ್ತಿ ಬಟ್ಟೆಯಿಂದ ಒರೆಸಿ. ಕೊಬ್ಬರಿ ಎಣ್ಣೆಯ ಬೆರಳಚ್ಚು ಒಂದಿದ್ದರೆ ದೀಪಗಳೆಲ್ಲ ಮಂಜಿನಲ್ಲಿ ಕಾಣುತ್ತವೆ. ಎರಡು ಬೆರಳಿಂದ ಎಳೆದು ಜೂಮ್ ಮಾಡುವ ಬದಲು ನಾಲ್ಕು ಹೆಜ್ಜೆ ಮುಂದೆ ಹೋಗಿ. ಪರದೆಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಹೆಚ್ಚಿನ ಮೊಬೈಲುಗಳಲ್ಲಿ ಫೋಕಸ್ಸೂ ಬೆಳಕೂ ಬೀಗ ಹಾಕಿದಂತೆ ನಿಲ್ಲುತ್ತವೆ. ಇಲ್ಲದಿದ್ದರೆ ಯಾರಾದರೂ ಬಿಳಿ ಅಂಗಿ ಹಾಕಿಕೊಂಡು ಹಾದುಹೋದಾಗ ಇಡೀ ಚಿತ್ರ ಕಪ್ಪಿಡುತ್ತದೆ. ಕೈ ನಡುಗದಿರಲು ಸ್ಟ್ಯಾಂಡ್ ಇಲ್ಲವೆ? ಎರಡು ಸೇರು ರಾಗಿ ತುಂಬಿದ ಬಟ್ಟೆಯ ಚೀಲದ ಮೇಲೆ ಮೊಬೈಲ್ ಒರಗಿಸಿದರೆ ಅಲ್ಲಾಡುವುದಿಲ್ಲ. ಬೆಳಕಿಗೆ ಕಿಟಕಿಯೇ ದೊಡ್ಡ ದೀಪ, ಅದನ್ನು ನಟನ ಬೆನ್ನಿಗಲ್ಲ, ಕೆನ್ನೆಗೆ ಕೊಡಿ.

ಒಂದು ವಿಷಯದಲ್ಲಿ ಮಾತ್ರ ನಿಂತು ಹೇಳಬೇಕು, ಏಕೆಂದರೆ ಇದರಿಂದ ನಮ್ಮ ಒಂದು ಇಡೀ ಸಂಜೆ ಹಾಳಾಯಿತು. ಟ್ಯೂಬ್‌ಲೈಟ್ ಕೆಳಗೆ ಚಿತ್ರಿಸಿದ್ದರಲ್ಲಿ ಕಪ್ಪು ಪಟ್ಟೆಗಳು ಮೇಲಿಂದ ಕೆಳಕ್ಕೆ ಜಾರುತ್ತಿದ್ದವು. ಮೊಬೈಲ್ ಕೆಟ್ಟಿದೆ ಅಂತ ಹುಡುಗರು ಗಾಬರಿಯಾದರು. ಕೆಟ್ಟಿರಲಿಲ್ಲ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಪ್ರತಿ ಆವರ್ತನೆಯಲ್ಲಿ ದೀಪ ಎರಡು ಸಲ ಮಂಕಾಗಿ ಬೆಳಗುತ್ತದೆ, ಅಂದರೆ ಸೆಕೆಂಡಿಗೆ 100 ಸಲ. ಕಣ್ಣಿಗೆ ಗೊತ್ತಾಗದು. ಮೊಬೈಲು ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ, ಪ್ರತಿ ಚಿತ್ರವನ್ನೂ ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಷಟರು ತೆರೆದಿರುವ ಹೊತ್ತಿಗೂ ದೀಪದ ಮಿಡಿತಕ್ಕೂ ತಾಳ ತಪ್ಪಿದರೆ ಕೆಲವು ಸಾಲಿಗೆ ಬೆಳಕು ಹೆಚ್ಚು, ಕೆಲವಕ್ಕೆ ಕಮ್ಮಿ, ಅದೇ ಪಟ್ಟೆ. ಕ್ಯಾಮೆರಾದ ಪ್ರೊ ಮೋಡಿನಲ್ಲಿ ಷಟರನ್ನು ಸೆಕೆಂಡಿನ 50ನೇ ಒಂದು ಭಾಗಕ್ಕೋ 100ನೇ ಒಂದು ಭಾಗಕ್ಕೋ ಇಟ್ಟರೆ ಪ್ರತಿ ಸಾಲಿಗೂ ಪೂರ್ತಿ ಮಿಡಿತಗಳೇ ಸಿಕ್ಕಿ ಪಟ್ಟೆ ಮಾಯವಾಗುತ್ತದೆ. ಆ ಸೌಲಭ್ಯ ನಿಮ್ಮ ಮೊಬೈಲಿನಲ್ಲಿಲ್ಲದಿದ್ದರೆ ಓಪನ್ ಕ್ಯಾಮೆರಾ ಎಂಬ ಉಚಿತ ಆ್ಯಪ್ ಹಾಕಿ ನೋಡಬಹುದು. ಅದೂ ಬೇಡವೆಂದರೆ ಟ್ಯೂಬ್‌ಲೈಟ್ ಆರಿಸಿ ಹಗಲಲ್ಲಿ ಚಿತ್ರಿಸಿ.

ತೆರೆಯ ಮೇಲೆ ಯಾರಾದರೂ ನೇರ ಮಾತಾಡುವುದು ಕಾಣಬೇಕಿದ್ದರೆ ಎರಡು ಮೊಬೈಲ್ ಬೇಕು. ಒಂದು ಚಿತ್ರಕ್ಕೆ, ಇನ್ನೊಂದು ನಟನ ಅಂಗಿ ಜೇಬಿನಲ್ಲಿ ಧ್ವನಿಗೆ. ಎರಡನ್ನೂ ಚಾಲು ಮಾಡಿ ಕ್ಯಾಮೆರಾ ಮುಂದೆ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಕೈ ಸೇರಿದ ಫ್ರೇಮು, ಧ್ವನಿಗೆರೆಯಲ್ಲಿ ಮೊಳೆಯಂತೆ ಎದ್ದ ಗೆರೆ, ಎರಡನ್ನೂ ಹೊಂದಿಸಿದರೆ ಉಳಿದದ್ದೆಲ್ಲ ತಾನೇ ಹೊಂದುತ್ತದೆ. ಸಿನಿಮಾದವರ ಕ್ಲ್ಯಾಪ್ ಬೋರ್ಡಿನ ಕೆಲಸವೂ ಇಷ್ಟೇ.

ಇನ್ನು ಸಾಗಿಸುವ ವಿಷಯ. ಚಿತ್ರಿಸಿದ್ದನ್ನು ಹುಡುಗರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರು. ಅದು ಕಡತವನ್ನು ಹಿಂಡಿ ಹಿಂಡಿ ಸಣ್ಣದು ಮಾಡುತ್ತದೆ. ರಸ ಹೋಗಿ ಕಬ್ಬಿನ ಸಿಪ್ಪೆ ಉಳಿದ ಹಾಗೆ. ಕೇಬಲ್ ಹಾಕಿ ನೇರ ಕಂಪ್ಯೂಟರಿಗೆ ಇಳಿಸಿ, ಆಗದಿದ್ದರೆ ವಾಟ್ಸ್‌ಆ್ಯಪ್‌ನಲ್ಲೇ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿ, ಆಗ ಹಿಂಡುವುದಿಲ್ಲ. ಇಳಿಸಿದ ಮೇಲೆ ಇನ್ನೊಂದು ಕಡೆ ನಕಲು ಇಡುವವರೆಗೆ ಮೊಬೈಲಿನಿಂದ ಅಳಿಸಕೂಡದು. ನಮ್ಮ ತಂಡದಲ್ಲಿ ನಟನೆ ಬೇಡವೆಂದ ಒಬ್ಬಳು ಹುಡುಗಿ ಇದನ್ನು ವಹಿಸಿಕೊಂಡಳು. ಪ್ರತಿ ಕಡತಕ್ಕೂ ಶಾಟಿನ ಸಂಖ್ಯೆ, ಟೇಕಿನ ಸಂಖ್ಯೆ ಕೊಟ್ಟು ನೋಟ್‌ಬುಕ್ಕಿನಲ್ಲಿ ‘ಚೆನ್ನಾಗಿದೆ’, ‘ನಗು ಬಂದಿದೆ’, ‘ನಾಯಿ ಅಡ್ಡ ಬಂತು’ ಅಂತ ಗುರುತು ಮಾಡಿದಳು. ಆ ನೋಟ್‌ಬುಕ್ ನಮಗೆ ಎರಡು ದಿನ ಉಳಿಸಿತು.

ಸಂಕಲನದ ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ. ನೀವು ಕತ್ತರಿಸಿದಾಗ ಅದು ಏನನ್ನೂ ಕತ್ತರಿಸುವುದಿಲ್ಲ. ‘ಹದಿನೇಳನೇ ಕಡತದ ನಾಲ್ಕನೇ ಸೆಕೆಂಡಿನಿಂದ ಆರನೇ ಸೆಕೆಂಡಿನವರೆಗೆ ಇಲ್ಲಿ ತೋರಿಸು’ ಎಂದು ಒಂದು ಚೀಟಿ ಬರೆದಿಟ್ಟುಕೊಳ್ಳುತ್ತದೆ, ಅಷ್ಟೇ. ಸಾಮಾನು ಅಂಗಡಿಯಲ್ಲೇ ಇರುತ್ತದೆ, ನಿಮ್ಮ ಪ್ರಾಜೆಕ್ಟ್ ಕಡತ ಬರೀ ಚೀಟಿ. ಹಾಗಾಗಿ ಎಷ್ಟು ಬೇಕಾದರೂ ತಪ್ಪು ಮಾಡಿ, ಮೂಲ ಕೆಡುವುದಿಲ್ಲ. ಆದರೆ ಮೂಲ ಕಡತಗಳನ್ನು ಬೇರೆ ಫೋಲ್ಡರಿಗೆ ಸರಿಸಿದರೆ ಚೀಟಿ ಹಿಡಿದು ಹೋದವನಿಗೆ ಅಂಗಡಿಯೇ ಸಿಗುವುದಿಲ್ಲ. ಪರದೆ ತುಂಬ ಕೆಂಪು ಬಣ್ಣ. ಚೀಟಿಯನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಂಡು ಮನೆಗೆ ಹೋದ ಹುಡುಗ ಮರುದಿನ ಸಪ್ಪೆ ಮುಖ ಹಾಕಿಕೊಂಡು ಬಂದದ್ದು ಇದಕ್ಕೇ.

ಯಾವ ತಂತ್ರಾಂಶ? ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಬಹಳ ದೊಡ್ಡ ಸಾಮಾನು, ಆದರೆ ಶಾಲೆಯ ಹಳೆ ಕಂಪ್ಯೂಟರು ಅದರ ಭಾರಕ್ಕೆ ಮಂಡಿಯೂರುತ್ತದೆ. ನಾವು ಬಳಸಿದ್ದು ಶಾಟ್‌ಕಟ್. ಕೆಡೆನ್‌ಲೈವ್ ಕೂಡ ಒಳ್ಳೆಯದು. ಎರಡೂ ಉಚಿತ, ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಓಡುತ್ತವೆ. ಓಟ ನಿಧಾನವಾದರೆ ‘ಪ್ರಾಕ್ಸಿ’ ಎಂಬ ಆಯ್ಕೆ ಇರುತ್ತದೆ, ದೊಡ್ಡ ಕಡತದ ಬದಲಿಗೆ ಅದರ ಸಣ್ಣ ನೆರಳನ್ನು ಇಟ್ಟುಕೊಂಡು ಕೆಲಸ ಮಾಡಿ, ಕೊನೆಯಲ್ಲಿ ಮಾತ್ರ ಅಸಲಿಯನ್ನು ಕರೆಯುವ ಉಪಾಯ. ಕೈನ್‌ಮಾಸ್ಟರಿನಂಥ ಆ್ಯಪುಗಳಲ್ಲಿ ಮೊಬೈಲಿನಲ್ಲೇ ಮಾಡಬಹುದು, ಉಚಿತ ಆವೃತ್ತಿಯಲ್ಲಿ ಮೂಲೆಯಲ್ಲಿ ಅವರ ಮುದ್ರೆ ಕೂತಿರುತ್ತದೆ.

ಶಾಟುಗಳನ್ನು ಇಟ್ಟ ಮೇಲೆ ತುಟಿಗೂ ಮಾತಿಗೂ ಬರಬರುತ್ತಾ ತಾಳೆಯಾಗದಿದ್ದರೆ ಗಾಬರಿ ಬೇಡ. ಮೊಬೈಲು ಕತ್ತಲಲ್ಲಿ ಸೆಕೆಂಡಿಗೆ 30ರ ಬದಲು 24, 27 ಹೀಗೆ ಮನಸ್ಸಿಗೆ ಬಂದಷ್ಟು ಚಿತ್ರ ತೆಗೆಯುತ್ತದೆ. ಸಂಕಲನದ ತಂತ್ರಾಂಶ 30 ಅಂತಲೇ ನಂಬಿರುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರವಾದ 30ಕ್ಕೆ ಪರಿವರ್ತಿಸಿಕೊಂಡರೆ ಸರಿಹೋಗುತ್ತದೆ.

ಕತ್ತರಿಸುವ ಕಲೆಯಲ್ಲಿ ಮಕ್ಕಳಿಗೆ ನಾನು ಹೇಳಿಕೊಟ್ಟದ್ದು ಒಂದೇ: ಮಾತು ಮೊದಲು ಬರಲಿ, ಮುಖ ಆಮೇಲೆ ಬರಲಿ. ಬಾವಿಯ ಹಗ್ಗ ಕಾಣುತ್ತಿರುವಾಗಲೇ ಅಮ್ಮನ ಮಾತು ಶುರುವಾಗಿ, ಅರ್ಧ ಸೆಕೆಂಡಿನ ನಂತರ ಅಮ್ಮ ಕಂಡರೆ ಎರಡು ಶಾಟು ಬೆಸೆದುಕೊಳ್ಳುತ್ತವೆ. ಎರಡೂ ಒಟ್ಟಿಗೆ ಬದಲಾದರೆ ಇಟ್ಟಿಗೆ ಜೋಡಿಸಿದ ಹಾಗೆ ಗಂಟು ಕಾಣುತ್ತದೆ. ತಂತ್ರಾಂಶದಲ್ಲಿ ತಿರುಗುವ, ಹಾರುವ, ಹೂವಾಗುವ ನೂರೆಂಟು ಪರಿಣಾಮಗಳಿರುತ್ತವೆ. ಅವು ಮದುವೆ ವಿಡಿಯೋಗೆ ಇರಲಿ. ಹೆಸರು ಬರುವ ಮೊದಲು ಒಂದು ಸೆಕೆಂಡ್ ಪೂರ್ತಿ ಕಪ್ಪು, ಪೂರ್ತಿ ಮೌನ ಬಿಡಿ. ನಮ್ಮ ಟ್ರೈಲರಿನಲ್ಲಿ ಅದಕ್ಕೆ ಮೊದಲು ಹಾಲು ಉಕ್ಕಿ ಬೆಂಕಿಗೆ ಬಿದ್ದ ಸುಂಯ್ ಸದ್ದಿತ್ತು, ಆಮೇಲೆ ಕಪ್ಪು, ಆಮೇಲೆ ಹೆಸರು.

ಆ ಹೆಸರೇ ಕೊನೆಯ ಗಂಡಾಂತರ. ‘ಟೊಳ್ಳುಗಟ್ಟಿ’ ಅಂತ ಟೈಪು ಮಾಡಿದರೆ ತೆರೆಯ ಮೇಲೆ ‘ಟೊಳ್‌ಳುಗಟ್‌ಟಿ’ ಅಂತ ಬಂತು. ಒತ್ತಕ್ಷರವಿರುವ ಹೆಸರನ್ನೇ ಆರಿಸಿದ ನಮ್ಮ ಕರ್ಮ. ಕನ್ನಡದ ಅಕ್ಷರಗಳನ್ನು ಯೂನಿಕೋಡ್ ಬಿಡಿಬಿಡಿಯಾಗಿ ಇಟ್ಟುಕೊಂಡಿರುತ್ತದೆ. ಳ, ಅದರ ಕೊರಳು ಹಿಸುಕುವ ವಿರಾಮ, ಮತ್ತೆ ಳ, ಅದರ ಕೊಂಬು. ಇವನ್ನು ನೋಡಿ ‘ಇಲ್ಲಿ ಒತ್ತು ಬರಬೇಕು, ಅದು ಕೆಳಗೆ ಕೂರಬೇಕು’ ಎಂದು ಆಕಾರ ಕಟ್ಟುವುದು ತಂತ್ರಾಂಶದೊಳಗಿನ ಇನ್ನೊಂದು ಯಂತ್ರದ ಕೆಲಸ. ಆ ಯಂತ್ರವಿಲ್ಲದ ಅಥವಾ ಅದನ್ನು ಚಾಲು ಮಾಡದ ಕಡೆ ಅಕ್ಷರಗಳು ಕ್ಯೂ ನಿಂತ ಹಾಗೆ ಸಾಲಾಗಿ ನಿಲ್ಲುತ್ತವೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಿದ್ದರೆ ಬೇರೆಯೇ ತಾಪತ್ರಯ. ಅಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ಮುಖವಾಡ. ಆ ಫಾಂಟಿಲ್ಲದ ಕಂಪ್ಯೂಟರಿಗೆ ಹೋದ ಕೂಡಲೇ ಮುಖವಾಡ ಕಳಚಿ ಅರ್ಥವಿಲ್ಲದ ಚಿಹ್ನೆಗಳು ಹಲ್ಲು ಕಿರಿಯುತ್ತವೆ. ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ.

ಎಲ್ಲಕ್ಕೂ ಸುಲಭದ ದಾರಿ, ಸಂಕಲನದ ತಂತ್ರಾಂಶದಲ್ಲಿ ಹೆಸರು ಬರೆಯಲೇಬೇಡಿ. ಇಂಕ್‌ಸ್ಕೇಪ್‌ನಲ್ಲಿ ಬರೆದು, ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ ಚಿತ್ರವಾಗಿ ಉಳಿಸಿ, ಚಿತ್ರದ ಮೇಲೆ ಚಿತ್ರವಾಗಿ ಹೇರಿ. ಚಿತ್ರವಾದ ಮೇಲೆ ಒತ್ತು ಎಲ್ಲಿಗೂ ಓಡುವುದಿಲ್ಲ. ಉಚಿತವಾಗಿ ಸಿಗುವ ಕನ್ನಡ ಫಾಂಟುಗಳಲ್ಲಿ ನೋಟೋ ಸಾನ್ಸ್ ಕನ್ನಡ ಸಾದಾ, ಬಾಲೂ ತಮ್ಮ ದಪ್ಪ. ‘ಬೆಣ್ಣೆ’, ‘ಹುಬ್ಬಳ್ಳಿ’ ಅಂತಲೂ ಫಾಂಟುಗಳಿವೆ. ನಮ್ಮವರು ಅದ್ಯಾವುದೂ ಬೇಡವೆಂದು ಸ್ಲೇಟಿನ ಮೇಲೆ ಬಳಪದಲ್ಲಿ ಬರೆದು ಫೋಟೋ ತೆಗೆದರು. ಸ್ಕೂಲಿನ ನಾಟಕಕ್ಕೆ ಅದೇ ಒಪ್ಪಿತು ಅನ್ನುವುದು ನನ್ನ ಅಭಿಪ್ರಾಯ. ತೆರೆಯ ಮೇಲೆ ಬರಹ ಎಷ್ಟು ಹೊತ್ತು ಇರಬೇಕು ಅಂದರೆ, ನಿಧಾನ ಓದುವವರು ಎರಡು ಸಲ ಓದುವಷ್ಟು. ಮಾಡಿದವರಿಗೆ ಬಾಯಿಪಾಠವಾಗಿರುವುದರಿಂದ ಅವರಿಗೆ ಯಾವಾಗಲೂ ಜಾಸ್ತಿಯಾಯಿತು ಅನಿಸುತ್ತದೆ.

ಸಂಗೀತದಲ್ಲಿ ಸಿನಿಮಾ ಹಾಡಿನ ಆಸೆ ಬಿಡಿಸುವುದು ಕಷ್ಟ. ಯೂಟ್ಯೂಬಿಗೆ ಹಾಕಿದ ಕೂಡಲೇ ಅಲ್ಲಿನ ಯಂತ್ರ ಹಾಡನ್ನು ಗುರುತಿಸಿ ಹಕ್ಕುದಾರರಿಗೆ ಹೇಳಿಬಿಡುತ್ತದೆ. ಹಳೆಯದಾದರೆ ಪರವಾಗಿಲ್ಲ ಅನ್ನುವ ಹಾಗೂ ಇಲ್ಲ. ಪುರಂದರದಾಸರ ಪದಕ್ಕೆ ಹಕ್ಕುದಾರರಿಲ್ಲ ನಿಜ, ಅದನ್ನು ಯಾರೋ ಹಾಡಿದ ಧ್ವನಿಮುದ್ರಣಕ್ಕೆ ಬೇರೆ ಹಕ್ಕಿದೆ, ಅದಕ್ಕೂ ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. ನಿಮ್ಮ ಶಾಲೆಯ ಹುಡುಗಿಯೇ ಹಾಡಿದರೆ ಯಾರ ಹಂಗೂ ಇಲ್ಲ. ನಮ್ಮಲ್ಲಿ ಒಬ್ಬ ತಮಟೆ ಬಾರಿಸುತ್ತಿದ್ದ. ಅವನು ಬೆರಳ ತುದಿಯಲ್ಲಿ ಮೆಲ್ಲಗೆ ತಟ್ಟಿದ್ದನ್ನೇ ಮುದ್ರಿಸಿ, ಬರಬರುತ್ತಾ ವೇಗ ಏರಿಸಿ, ಕಪ್ಪು ಬಂದಾಗ ನಿಲ್ಲಿಸಿದೆವು. ಮಾತು ಬಂದಾಗ ಸಂಗೀತವನ್ನು ಹನ್ನೆರಡು ಹದಿನೈದು ಡೆಸಿಬೆಲ್ ತಗ್ಗಿಸಿ. ಇಳಿಸಿದ್ದು ಜಾಸ್ತಿಯಾಯಿತು ಅಂತ ನಿಮಗೆ ಅನ್ನಿಸಿದರೆ ಸರಿಯಾಗಿದೆ ಅಂತ ಅರ್ಥ.

ಕೃತಕ ಬುದ್ಧಿಮತ್ತೆಯಿಂದ ಧ್ವನಿ, ಚಿತ್ರ ಎಲ್ಲ ಮಾಡಿಸಬಹುದಲ್ಲ ಸಾರ್ ಅಂತ ಕೇಳಿದರು. ಫ್ಯಾನಿನ ಸದ್ದು ತೆಗೆಯಲು ಬಳಸಿ ಅಂದೆ. ಕೈಲಾಸಂ ಬರೆದ ಆಡುಮಾತಿನ ವಕ್ರತೆ, ಇಂಗ್ಲಿಷು ಕನ್ನಡ ತೊಡರಿಕೊಂಡ ಓಟ ಯಂತ್ರದ ಬಾಯಲ್ಲಿ ವಾರ್ತೆ ಓದಿದ ಹಾಗೆ ಬರುತ್ತದೆ. ನಾಲಿಗೆ ತಿರುಗಿಸಿ ತಿರುಗಿಸಿ ಹೇಳುತ್ತಾ ಆ ಮಾತು ಮಕ್ಕಳಿಗೆ ಒಗ್ಗಿದ್ದೇ ಈ ಪ್ರಾಜೆಕ್ಟಿನ ಕನ್ನಡ ಪಾಠ.

ಕೊನೆಯಲ್ಲಿ ಕಡತ ಹೊರತೆಗೆಯುವುದು. ಎಂಪಿ4 ಕಡತ, ಒಳಗೆ ಎಚ್.264, ಗಾತ್ರ 1920ಕ್ಕೆ 1080. ಈ ಗಾತ್ರಕ್ಕೆ ಯೂಟ್ಯೂಬ್ ಶಿಫಾರಸು ಮಾಡುವುದು ಸೆಕೆಂಡಿಗೆ 8 ಮೆಗಾಬಿಟ್. ಎಂಟು ಬಿಟ್ಟಿಗೆ ಒಂದು ಬೈಟ್, ಆದ್ದರಿಂದ ಸೆಕೆಂಡಿಗೆ ಒಂದು ಎಂಬಿ. ಒಂದೂವರೆ ನಿಮಿಷಕ್ಕೆ 90 ಎಂಬಿ. ಅಂತರ್ಜಾಲಕ್ಕೆ ಹಾಕುವ ಮುನ್ನ ತೆರೆಯ ಮೇಲಿರುವ ಪ್ರತಿ ಮಗುವಿನ ತಂದೆತಾಯಿಯ ಒಪ್ಪಿಗೆ ಬರೆಸಿಕೊಳ್ಳಿ. ಇಬ್ಬರು ಒಪ್ಪಲಿಲ್ಲ, ನಮ್ಮದು ಶಾಲೆಯೊಳಗೇ ಉಳಿಯಿತು.

ವಾರ್ಷಿಕೋತ್ಸವದ ಹಿಂದಿನ ಸಂಜೆ ಸಭಾಂಗಣದಲ್ಲಿ ಹಾಕಿ ನೋಡಿದೆವು. ಕಂಪ್ಯೂಟರಿನಲ್ಲಿ ಸೊಗಸಾಗಿ ಕಂಡ ಕತ್ತಲೆಯ ಶಾಟುಗಳು ಹಳೆಯ ಪ್ರೊಜೆಕ್ಟರಿನಲ್ಲಿ ಬರೀ ಮಸಿ. ಬಾಗಿಲ ಸಂದಿಯ ಪಾದಗಳು ಇವೆಯೋ ಇಲ್ಲವೋ ಗೊತ್ತಾಗಲಿಲ್ಲ. ರಾತ್ರಿಯೇ ಕೂತು ಕತ್ತಲೆಯ ಭಾಗಗಳಿಗೆ ಬೆಳಕು ಏರಿಸಿದೆವು. ಮಾತನ್ನೂ ಸ್ವಲ್ಪ ಮೇಲಕ್ಕೆತ್ತಿದೆವು, ಏಕೆಂದರೆ ಮರುದಿನ ಹದಿನಾರು ಫ್ಯಾನು ತಿರುಗುತ್ತಿರುತ್ತವೆ, ಮುಂದಿನ ಸಾಲಿನಲ್ಲಿ ಚಿಕ್ಕ ಮಕ್ಕಳಿರುತ್ತವೆ. ಎರಡು ಪೆನ್‌ಡ್ರೈವಿಗೆ ಹಾಕಿ, ಒಂದನ್ನು ಆ ನೋಟ್‌ಬುಕ್ಕಿನ ಹುಡುಗಿಗೆ ಕೊಟ್ಟು ಮನೆಗೆ ಹೋದೆ.